ಗಾಯರಾಣದಿಂದ ಕಾಲುವೆ ದಂಡೆಗೆ: ಕೊಪ್ಪಳ ಸೀಮೆಯಲ್ಲಿ ಬಳ್ಳಾರಿ ಜಾಲಿಯ ಹರಡುವಿಕೆ

ಕೊಪ್ಪಳ ಜಿಲ್ಲೆಯಲ್ಲಿ ಬಳ್ಳಾರಿ ಜಾಲಿ ಕಾಣದ ಊರು ಸಿಗುವುದು ಕಷ್ಟ. ಆದರೆ ಎಲ್ಲ ಕಡೆಯೂ ಅದು ಒಂದೇ ಬಗೆಯ ನೆಲದಲ್ಲಿ ನಿಂತಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಅದು ಕೆರೆಯಂಗಳ, ಹಳ್ಳದ ಪಾತ್ರ, ಗಾಯರಾಣ, ಬೀಳುಬಿದ್ದ ಹೊಲಗಳನ್ನು ಹಿಡಿದಿದೆ. ಗಂಗಾವತಿಯ ಭತ್ತದ ಬಯಲಿನಲ್ಲಿ ಅದಕ್ಕೆ ದಕ್ಕಿರುವುದು ಕಾಲುವೆ ದಂಡೆ, ರಸ್ತೆಯ ಬದಿ ಮತ್ತು ಸವಳು ಹತ್ತಿ ಬಿಟ್ಟ ತುಂಡುಗಳು ಮಾತ್ರ. ಗಿಡ ಅದೇ, ಬೀಜವೂ ಅದೇ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲೂ ಈ ವ್ಯತ್ಯಾಸವನ್ನು ವಿವರಿಸುವಷ್ಟು ಅಂತರವಿಲ್ಲ. ಹಾಗಾಗಿ ಕಾರಣವನ್ನು ಗಿಡದ ಗುಣದಲ್ಲಿ ಅರ್ಧ ಹುಡುಕಿ, ಉಳಿದರ್ಧವನ್ನು ನೆಲದ ಬಳಕೆಯಲ್ಲಿ ಹುಡುಕಬೇಕೆಂಬುದು ಈ ಲೇಖನದ ವಾದ. ಯಾರೂ ದಿನನಿತ್ಯ ಕೈಯಾಡಿಸದ ನೆಲ ಎಲ್ಲೆಲ್ಲಿ ಹೆಚ್ಚಿತೋ ಅಲ್ಲಲ್ಲಿ ಜಾಲಿ ಹೆಚ್ಚಿದೆ. ಇಲ್ಲಿ ತಾಲ್ಲೂಕಿನ ಹೆಸರುಗಳನ್ನು ಹಳೆಯ ಅರ್ಥದಲ್ಲಿ ಬಳಸಿದೆ. ಕುಕನೂರು, ಕನಕಗಿರಿ, ಕಾರಟಗಿಗಳು ಪ್ರತ್ಯೇಕ ತಾಲ್ಲೂಕುಗಳಾಗುವ ಮೊದಲಿನ ಗಡಿಗಳೇ ಈ ಚರ್ಚೆಗೆ ಅನುಕೂಲ.

ಮಧ್ಯ ಮತ್ತು ದಕ್ಷಿಣ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳ ಈ ಗಿಡ ಭಾರತಕ್ಕೆ ಆಕಸ್ಮಿಕವಾಗಿ ಬಂದದ್ದಲ್ಲ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಒಣಸೀಮೆಗೆ ತಕ್ಕ ಉರುವಲು ಮರವೆಂದು ಬೀಜಕ್ಕಾಗಿ ಬರೆದ. 1877ರ ಸುಮಾರಿಗೆ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಡಲಾಯಿತು. ಆಗ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ತುಂಗಭದ್ರೆಯ ಆಚೆ ದಂಡೆ ಮದ್ರಾಸಿನದು. ಆಡಳಿತದ ಗಡಿಯಾಗಿದ್ದ ಹೊಳೆ ದನಕರುಗಳಿಗೆ ಗಡಿಯಾಗಿರಲಿಲ್ಲ. ಮುಂದಿನ ದಶಕಗಳಲ್ಲಿ ದಕ್ಷಿಣದ ಒಣ ಜಿಲ್ಲೆಗಳಲ್ಲಿ ಬೇಲಿಗೆ, ಉರುವಲಿಗೆ, ಬರಡು ನೆಲಕ್ಕೆ ಹಸಿರು ಹೊದಿಸುವುದಕ್ಕೆ ಇದನ್ನು ಮತ್ತೆ ಮತ್ತೆ ಹಾಕಲಾಯಿತು. ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲಿ ಅರಣ್ಯ ಇಲಾಖೆಯೇ 1961ರ ಸುಮಾರಿಗೆ ಉಪ್ಪು ಮಣ್ಣು ಮುಂದೊತ್ತದಂತೆ ತಡೆಯಲು ಇದನ್ನು ಬೆಳೆಸಿತು. ಇಂದು ಅಲ್ಲಿ ಹುಲ್ಲಿಗಿಂತ ಮುಳ್ಳಿನ ಚರ್ಚೆಯೇ ಹೆಚ್ಚು.

ವರ್ಗೀಕರಣದ ಬಗ್ಗೆ ಒಂದು ಮಾತು. ನಮ್ಮ ಕಡೆ ದಸರೆಗೆ ಎಲೆ ಹಂಚಿಕೊಳ್ಳುವ ಬನ್ನಿ ಮರ ಮತ್ತು ಈ ಜಾಲಿ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿದ್ದವು. 2022ರಲ್ಲಿ ಆ ಕುಲವನ್ನು ಒಡೆದಾಗ ಬನ್ನಿ ಅಲ್ಲೇ ಉಳಿಯಿತು, ಜಾಲಿ ನೆಲ್ಟುಮಾ ಕುಲಕ್ಕೆ ಹೋಯಿತು. ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತು, ಬುಡದಲ್ಲಿ ಜೋಳ ಬೆಳೆಯಲು ಬಿಡುವ ಬನ್ನಿಯನ್ನೂ ಬುಡದಲ್ಲಿ ಹುಲ್ಲು ಏಳಗೊಡದ ಜಾಲಿಯನ್ನೂ ನೋಡಿದ ರೈತನಿಗೆ ಈ ವಿಂಗಡಣೆ ತಡವಾಯಿತೆಂದು ಅನಿಸಿದರೆ ಆಶ್ಚರ್ಯವಿಲ್ಲ.

ಹೊಸ ನೆಲದಲ್ಲಿ ಒಂದು ಜೀವಿ ಕಾಲೂರುವುದಕ್ಕೂ ಹಬ್ಬುವುದಕ್ಕೂ ನಡುವೆ ಹಲವು ದಶಕಗಳ ಮೌನ ಇರಬಹುದೆಂದು ಪರಿಸರಶಾಸ್ತ್ರ ಹೇಳುತ್ತದೆ. ಜಾಲಿಯ ಮೌನ ಮುರಿದದ್ದು ಹೇಗೆಂದು ತಿಳಿಯಲು ಅದರ ಕಾಯಿಯಿಂದ ಹೊರಡಬೇಕು. ಹಳದಿಗೆ ತಿರುಗಿ ಉದುರುವ ಸಿಹಿಗಾಯಿಯನ್ನು ಆಡು, ಕುರಿ, ದನ ಎಲ್ಲವೂ ತಿನ್ನುತ್ತವೆ. ಒಳಗಿನ ಹತ್ತಿಪ್ಪತ್ತು ಬೀಜಗಳು ಒಂದೊಂದೂ ಗಟ್ಟಿ ಕವಚದಲ್ಲಿರುತ್ತವೆ. ಕರುಳಿನಲ್ಲಿ ಆ ಕವಚ ಮೆತ್ತಗಾಗುತ್ತದೆ, ಬೀಜ ಮಾತ್ರ ಬಹುಪಾಲು ಉಳಿಯುತ್ತದೆ. ದನದ ಸಗಣಿಯಲ್ಲಿ ಇಡಿಯಾಗಿ ಹೊರಬರುವ ಬೀಜಗಳೇ ಹೆಚ್ಚು. ಆಡು ಕುರಿಗಳು ಒಂದಿಷ್ಟನ್ನು ಅಗಿದು ಕೆಡಿಸಿದರೂ ಮಿಕ್ಕದ್ದು ಹಿಕ್ಕೆಯ ಜೊತೆ ಬೀಳುತ್ತದೆ. ಹೀಗೆ ಬೀಜಕ್ಕೆ ಸಾಗಣೆ, ಗೊಬ್ಬರ, ಮೊಳಕೆಯೊಡೆಯುವ ಸಿದ್ಧತೆ ಮೂರೂ ಒಟ್ಟಿಗೆ ಸಿಗುತ್ತವೆ. ಎಲೆ ಮಾತ್ರ ಒಗರು, ದನ ಬಾಯಿ ಹಾಕುವುದಿಲ್ಲ. ಕಾಯಿ ತಿನ್ನಿಸಿ ಎಲೆ ಉಳಿಸಿಕೊಳ್ಳುವ ಈ ಗಿಡದ ಎದುರು ಸ್ಥಳೀಯ ಹುಲ್ಲುಗಳ ಸ್ಥಿತಿ ತಿರುವುಮುರುವು: ದನ ಮೊದಲು ಮೇಯುವುದು ಅವನ್ನೇ.

ಕಡಿದರೂ ಸಾಯದಿರುವುದು ಎರಡನೆಯ ಗುಣ. ನೆಲದ ಮೇಲೆ ಕಡಿದ ಬೊಡ್ಡೆಯಿಂದ ಒಂದಕ್ಕೆ ಹತ್ತು ಚಿಗುರು ಬರುತ್ತವೆ, ಮರವಾಗಬೇಕಿದ್ದದ್ದು ಕಂಟಿಯಾಗುತ್ತದೆ. ಬೇರು ಆಳಕ್ಕಿಳಿಯುವ ಶಕ್ತಿಯೂ ಅಸಾಮಾನ್ಯ. ಅರಿಝೋನಾದ ತೆರೆದ ಗಣಿಯೊಂದರಲ್ಲಿ ಇದರ ಹತ್ತಿರದ ಬಂಧುವಿನ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿದ್ದು 1960ರ ದಶಕದಲ್ಲಿ ದಾಖಲಾಗಿದೆ. ಗಾಳಿಯ ತೇವವನ್ನೂ ಜಾಲಿ ಹೀರುತ್ತದೆ, ಅದರಿಂದಲೇ ಮಳೆ ಹೋಯಿತು ಎಂಬ ಮಾತು ಹಳ್ಳಿಗಳಲ್ಲಿ, ಕೆಲವೊಮ್ಮೆ ಪತ್ರಿಕೆಗಳಲ್ಲಿಯೂ ಇದೆ. ಇದಕ್ಕೆ ಗಟ್ಟಿ ಆಧಾರವಿಲ್ಲ. ದಟ್ಟ ಜಾಲಿ ನೆಲದಡಿಯ ನೀರನ್ನು ಗಣನೀಯವಾಗಿ ಬಳಸುತ್ತದೆಂಬುದಕ್ಕೆ ಇಥಿಯೋಪಿಯಾದ ಅಫಾರ್ ಪ್ರದೇಶದ ಅಳತೆಗಳಿವೆ. ಆದರೆ ನೂರಾರು ಅಡಿ ಇಳಿದ ಕೊಳವೆಬಾವಿಗಳ ಸೀಮೆಯಲ್ಲಿ ಅಂತರ್ಜಲದ ಪೂರ್ತಿ ಲೆಕ್ಕವನ್ನು ಒಂದು ಕಂಟಿಯ ಮೇಲೆ ಹಾಕುವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ತೀರ್ಮಾನ.

ಈಗ ಹಾದಿಗೆ ಬರೋಣ. ಕುಷ್ಟಗಿ, ಯಲಬುರ್ಗಾ ಸೀಮೆಯ ಕುರಿಗಾರರು ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ತುಂಗಭದ್ರಾ ನೀರಾವರಿ ಪ್ರದೇಶಕ್ಕೆ ಇಳಿಯುತ್ತಾರೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಕೂಳೆ ಮತ್ತು ಕಾಲುವೆಯಂಚಿನ ಹಸಿರು ಬೇಸಿಗೆಯಲ್ಲಿ ಕುರಿಗೆ ಆಸರೆ. ರೋಹಿಣಿ, ಮಿರಗದ ಮಳೆಗೆ ಮುನ್ನ ಮಂದೆ ಊರಿನತ್ತ ತಿರುಗುತ್ತದೆ. ದಾರಿಯುದ್ದಕ್ಕೂ ಹೊಲದ ಒಡೆಯರು ಗೊಬ್ಬರಕ್ಕಾಗಿ ಕುರಿ ತರುಬಿಸುತ್ತಾರೆ. ಜಾಲಿಕಾಯಿ ಹೆಚ್ಚಾಗಿ ಹಣ್ಣಾಗಿ ಉದುರುವುದು ಏಪ್ರಿಲ್‌ನಿಂದ ಜೂನ್‌ವರೆಗೆ, ಅಂದರೆ ಮರಳಿ ಬರುವ ಈ ದಿನಗಳಲ್ಲೇ. ತಿಂದ ಬೀಜ ಕೆಲವು ದಿನ ಕರುಳಿನಲ್ಲಿದ್ದು, ಹಲವು ಹರದಾರಿ ದೂರದಲ್ಲಿ, ಮೊದಲ ಮಳೆಗೆ ಸರಿಯಾಗಿ ನೆಲ ಸೇರುತ್ತದೆ. ಕಾಲುವೆ ದಂಡೆಯ ಜಾಲಿಗೂ ಕುಷ್ಟಗಿಯ ಗಾಯರಾಣದ ಜಾಲಿಗೂ ಈ ಮಂದೆಯ ದಾರಿಯೇ ಸೇತುವೆಯಾಗಿರಬೇಕೆಂಬುದು ನನ್ನ ಊಹೆ. ಹಿಕ್ಕೆಯ ಬೀಜಗಳನ್ನು ದಾರಿಯ ತಂಗುದಾಣಗಳಲ್ಲಿ ಎಣಿಸಿ ಪರೀಕ್ಷಿಸಬಹುದಾದ ಊಹೆಯೂ ಹೌದು.

ಇಷ್ಟರಿಂದ ಕುರಿಗಾರನನ್ನು ಅಪರಾಧಿಯನ್ನಾಗಿ ನಿಲ್ಲಿಸುವಂತಿಲ್ಲ. ತರುಬಿದ ಹೊಲದಲ್ಲಿಯೂ ಬೀಜ ಬೀಳುತ್ತದೆ, ಅಲ್ಲಿ ಜಾಲಿ ಏಳುವುದಿಲ್ಲ: ರಂಟೆ, ಕುಂಟೆ, ಎಡೆ ಹೊಡೆಯುವಾಗ ಸಸಿ ಕಿತ್ತುಹೋಗುತ್ತದೆ. ಏಳುವುದು ಕುಂಟೆ ಆಡದ ಕಡೆ. ಕುಷ್ಟಗಿ, ಯಲಬುರ್ಗಾಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವುದು ಹೊಸದಲ್ಲ. ಎರಡು ಮಳೆಗಾಲ ಬಿತ್ತದೆ ಬಿಟ್ಟ ಹೊಲದಲ್ಲಿ ಸಸಿ ಮೊಣಕಾಲೆತ್ತರ ದಾಟಿದರೆ ಎತ್ತಿನ ಬೇಸಾಯಕ್ಕೆ ಅದು ಬಗ್ಗದು. ಮರಳಿ ಬಂದವನಿಗೆ ಹೊಲ ಹಸನು ಮಾಡುವ ಖರ್ಚು ಮೊದಲ ಬೆಳೆಯ ಆದಾಯವನ್ನು ಮೀರಿದರೆ ಅವನು ಮತ್ತೆ ಗುಳೆ ಹೊರಡುತ್ತಾನೆ. ಬೀಳು ಜಾಲಿಯನ್ನು ಬೆಳೆಸುತ್ತದೆ, ಜಾಲಿ ಬೀಳನ್ನು ಕಾಯಂ ಮಾಡುತ್ತದೆ.

ಕೆರೆಗಳ ಕಥೆ ಇದಕ್ಕಿಂತ ಸ್ಪಷ್ಟ. ಕೆರೆ ಮಣ್ಣನ್ನು ಬೇಸಿಗೆಯಲ್ಲಿ ಬಂಡಿಗಟ್ಟಲೆ ಹೊಲಕ್ಕೆ ಹೇರುತ್ತಿದ್ದ ಕಾಲದಲ್ಲಿ ಕೆರೆಯಂಗಳ ವರ್ಷಕ್ಕೊಮ್ಮೆ ಕೆದರುತ್ತಿತ್ತು. ಕೊಳವೆಬಾವಿ ಬಂದು, ಎತ್ತುಗಳು ಕರಗಿ, ಮೂಟೆಯ ಗೊಬ್ಬರ ರೂಢಿಯಾದ ಮೇಲೆ ಆ ಕೆಲಸ ನಿಂತಿತು. ಹೂಳು, ತೇವ, ನೀರು ಕುಡಿಯಲು ಬರುವ ದನಗಳ ಸಗಣಿ, ಜೊತೆಗೆ ಯಾರ ಕೈಯೂ ಇಲ್ಲದಿರುವುದು: ಜಾಲಿಗೆ ಇದಕ್ಕಿಂತ ಒಳ್ಳೆಯ ಮಡಿ ಬೇಕಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳದ ಸುಮಾರು 26 ಕಿಲೋಮೀಟರ್ ಪಾತ್ರವನ್ನು ಜನರೇ ಸೇರಿ ಸ್ವಚ್ಛಗೊಳಿಸಿದಾಗ ತೆಗೆದದ್ದು ಜಾಲಿ, ಆಪು ಮತ್ತು ಹೂಳು. ಅದೇ ಸುಮಾರಿಗೆ ಕುಷ್ಟಗಿ ಬಳಿಯ ನಿಡಶೇಸಿ ಕೆರೆ, ಮುಂದೆ ಗಿಣಿಗೇರಿ ಕೆರೆ ಇದೇ ಹಾದಿ ಹಿಡಿದವು. ಇವನ್ನು ಧಾರ್ಮಿಕ ಉತ್ಸಾಹದ ಸುದ್ದಿಯಾಗಿ ಓದಿ ಮುಗಿಸುವುದು ಸುಲಭ. ಪರಿಸರಶಾಸ್ತ್ರದ ಕಣ್ಣಿಗೆ ಇವು ದೊಡ್ಡ ಪ್ರಯೋಗಗಳು: ನೆಲವನ್ನು ಜನ ಮತ್ತೆ ತಮ್ಮದೆಂದುಕೊಂಡರೆ ಜಾಲಿ ಹಿಂದೆ ಸರಿಯುತ್ತದೆಯೇ ಎಂಬುದಕ್ಕೆ ಇಲ್ಲಿ ಉತ್ತರ ಸಿಗಬೇಕಿದೆ.

ಗಂಗಾವತಿಯಲ್ಲಿ ಚಿತ್ರ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದು, ಎರೆ ಹೊಲಗಳು ಭತ್ತದ ಗದ್ದೆಗಳಾದವು. ಎಕರೆಯ ಬೆಲೆ ಏರಿದಂತೆ ಜಾಲಿಗೆ ಜಾಗ ಕಿರಿದಾಯಿತು. ಹಾಗೆಂದು ನೀರಾವರಿ ಅನ್ಯ ಜೀವಿಗಳನ್ನು ದೂರವಿಟ್ಟಿತೆನ್ನುವಂತಿಲ್ಲ. ಬದುಗಳಲ್ಲಿ ಕಾಂಗ್ರೆಸ್ ಕಸ ಇದೆ. ಪುಣೆಯಲ್ಲಿ 1955ರ ಸುಮಾರಿಗೆ ಗುರುತಿಸಲ್ಪಟ್ಟ ಆ ಕಳೆಯನ್ನು ಹಿಡಿಯಲು ಮೆಕ್ಸಿಕೋದ ಜೀರುಂಡೆಯನ್ನು 1983ರಲ್ಲಿ ತರಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಮಳೆಗಾಲದಲ್ಲಿ ಚುರುಕು, ಬೇಸಿಗೆಯಲ್ಲಿ ಮಣ್ಣಿನೊಳಗೆ. ನಿರಂತರ ನೀರು ನಿಂತು ಕಾಲುವೆಯ ಕೊನೆಭಾಗದಲ್ಲಿ ಸವಳು-ಜವಳು ಕಾಣಿಸಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಲವಣಪೀಡಿತ ಮಣ್ಣಿನ ಅಧ್ಯಯನಕ್ಕೆ ಹೆಸರಾದದ್ದು ಇದೇ ಕಾರಣಕ್ಕೆ. ಉಪ್ಪನ್ನು ತಾಳಿಕೊಳ್ಳುವ ಜಾಲಿ ಭತ್ತ ಸೋತ ಈ ತುಂಡುಗಳಿಗೆ ಬರುತ್ತದೆ. ಅಲ್ಲಿ ಅದು ನೈಟ್ರೋಜನ್ ಹಿಡಿದು, ಎಲೆ ಉದುರಿಸಿ ಮಣ್ಣನ್ನು ಒಂದಿಷ್ಟು ಸುಧಾರಿಸುತ್ತದೆ ಎಂಬುದನ್ನೂ ಹೇಳಬೇಕು.

ಹೋಲಿಕೆಗೆ ಒಂದು ಹುಳು. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಪಶ್ಚಿಮ ಆಫ್ರಿಕ ಮುಟ್ಟಿ, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದೇ ಮೊದಲು. ಒಂದೆರಡು ವರ್ಷಗಳಲ್ಲಿ ದೇಶದ ಬಹುಭಾಗ ಸುತ್ತಿತು, ಯಲಬುರ್ಗಾದ ಮೆಕ್ಕೆಜೋಳವೂ ತಪ್ಪಲಿಲ್ಲ. ಅದು ಹಿಡಿದದ್ದು ಬೆಲೆಯುಳ್ಳ ಬೆಳೆಯನ್ನು, ಹಾಗಾಗಿ ಎಚ್ಚರಿಕೆ, ಔಷಧ, ಸಲಹೆ ಎಲ್ಲವೂ ತಿಂಗಳೊಳಗೆ ಬಂದವು. ಜಾಲಿ ಹಿಡಿದದ್ದು ಬೆಲೆ ಕಟ್ಟದ ನೆಲವನ್ನು. ಗಮನ ಬರಲು ನೂರು ವರ್ಷ ಹಿಡಿಯಿತು. ಜಗತ್ತಿನಲ್ಲಿ 37,000ಕ್ಕೂ ಹೆಚ್ಚು ಅನ್ಯ ಪ್ರಭೇದಗಳು ಹೊಸ ನೆಲದಲ್ಲಿ ನೆಲೆನಿಂತಿವೆ, 3,500ಕ್ಕೂ ಹೆಚ್ಚು ಹಾನಿಕರ ಎಂದು ಅಂತರಸರ್ಕಾರಿ ಜೀವವೈವಿಧ್ಯ ವೇದಿಕೆಯ 2023ರ ವರದಿ ಹೇಳುತ್ತದೆ. ಅದು ಕೊಡುವ ನಷ್ಟದ ಮೊತ್ತದಲ್ಲಿ ಗಾಯರಾಣದ ಹುಲ್ಲಿನ ಪಾಲು ಎಷ್ಟೆಂದು ಹುಡುಕಿದರೆ ನಿರಾಶೆಯೇ ಗತಿ.

ಹುಲ್ಲು ಹೋದರೆ ಹೋಗುವುದು ಕುರಿಯ ಮೇವೊಂದೇ ಅಲ್ಲ. ಯಲಬುರ್ಗಾ, ಕುಕನೂರಿನ ಎರೆ ಬಯಲಿನ ಚಿಗರಿಗಳು ದೂರ ನೋಡಿ ಓಡಿ ಬದುಕುವ ಪ್ರಾಣಿಗಳು. ಬಯಲು ಕಂಟಿಯಾದರೆ ಅವುಗಳಿಗೆ ಉಳಿಯುವ ತೆರೆದ ಜಾಗ ಕಡಲೆ, ಹೆಸರಿನ ಹೊಲ. ಬೆಳೆ ಹಾನಿಯ ದೂರುಗಳನ್ನು ಜಾಲಿಯ ನಕ್ಷೆಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ತೋಳದ ವಿಷಯ ಇಷ್ಟು ಸರಳವಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಎಕರೆಯ ತೋಳಧಾಮ ಇತ್ತೀಚೆಗೆ ಘೋಷಣೆಯಾಗಿದೆ. ಹಗಲು ಮರೆಯಾಗಲು ತೋಳಕ್ಕೆ ಕಂಟಿ ಬೇಕು, ಬೇಟೆಗೆ ಬಯಲು ಬೇಕು. ಗುಡ್ಡದ ಗವಿಗಳಿರುವ ಇಂಥಲ್ಲಿ ಜಾಲಿಯನ್ನು ಒಮ್ಮೆಲೇ ಬೋಳಿಸುವುದು ತೋಳಕ್ಕೆ ಉಪಕಾರವೆಂದು ಖಚಿತವಾಗಿ ಹೇಳಲಾಗದು. ಬಡವರ ಒಲೆಯ ಮಾತೂ ಇದೆ. ಉರುವಲು, ಇದ್ದಿಲು, ಬೇಲಿಯ ಮುಳ್ಳು ಈ ಸೀಮೆಯ ಅನೇಕ ಮನೆಗಳಿಗೆ ಜಾಲಿಯಿಂದಲೇ ಬರುತ್ತದೆ. ಕೆನ್ಯಾದ ಬಾರಿಂಗೊದಲ್ಲಿ ಜಾಲಿಕಾಯಿ ತಿಂದು ಹಲ್ಲು ಕಳೆದುಕೊಂಡ ಆಡನ್ನೇ ನ್ಯಾಯಾಲಯಕ್ಕೆ ಕರೆತಂದವರ ಊರಿನಲ್ಲೂ ಇದ್ದಿಲಿನ ವ್ಯಾಪಾರ ಜಾಲಿಯನ್ನೇ ನಂಬಿಕೊಂಡಿತು.

ತಡೆಯುವ ಕ್ರಮಗಳು ಹೆಚ್ಚಾಗಿ ಕಾಂಡದ ಮೇಲೇ ಕಣ್ಣಿಟ್ಟಿವೆ. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2017ರಲ್ಲಿ ನಡೆದ ತೆರವು ದೊಡ್ಡ ಸುದ್ದಿಯಾಯಿತು, ಅದರ ವೈಜ್ಞಾನಿಕ ತಳಹದಿಯ ಬಗ್ಗೆ ಅಷ್ಟೇ ದೊಡ್ಡ ತಕರಾರೂ ಎದ್ದಿತು. ದಕ್ಷಿಣ ಆಫ್ರಿಕದಲ್ಲಿ 1987ರಿಂದ ಬೀಜ ತಿನ್ನುವ ಜೀರುಂಡೆಯನ್ನು ಬಿಡಲಾಗಿದೆ. ಹುಳು ಮುಟ್ಟುವ ಮೊದಲೇ ಜಾನುವಾರು ಕಾಯಿ ತಿಂದು ಮುಗಿಸುವುದರಿಂದ ಅದರ ಫಲ ಸೀಮಿತವಾಯಿತು. ಕುರಿ ಇಷ್ಟಿರುವ ನಮ್ಮಲ್ಲಿಯೂ ಹಾಗೇ ಆದೀತು.

ಜೆಸಿಬಿ ಹಚ್ಚಿ ಬೊಡ್ಡೆ ಸಮೇತ, ಅಂದರೆ ಚಿಗುರೊಡೆಯುವ ಭಾಗ ನೆಲದಡಿ ಉಳಿಯದಂತೆ, ಕಿತ್ತರೆ ಆ ಗಿಡ ಸಾಯುತ್ತದೆ. ಮಣ್ಣಿನಲ್ಲಿರುವ ಬೀಜ ವರ್ಷಗಟ್ಟಲೆ ಕಾಯುತ್ತದೆ. ಕಿತ್ತ ನಂತರದ ಮೂರ್ನಾಲ್ಕು ಮಳೆಗಾಲ ಸಸಿ ಕೀಳುವವರು ಯಾರು ಎಂಬುದು ಅಂದಾಜುಪಟ್ಟಿಯಲ್ಲಿ ಮೊದಲೇ ಬರೆದಿರಬೇಕು. ಉದ್ಯೋಗ ಖಾತ್ರಿಯ ಕೂಲಿಯನ್ನು ತೆರವಿಗಿಂತ ಈ ಹಿಂಬಾಲಿಕೆಗೆ ಕಟ್ಟುವುದು ಹೆಚ್ಚು ಲಾಭ. ಕಾಯಿ ಬೀಳುವ ತಿಂಗಳುಗಳಲ್ಲಿ ಮಂದೆ ತೆರವಾದ ಕೆರೆಯಂಗಳಕ್ಕೆ ಇಳಿಯುವ ಮುನ್ನ ಕೆಲವು ದಿನ ಉಳುವ ಹೊಲದಲ್ಲೇ ತರುಬಿದ್ದರೆ ಕರುಳಿನ ಬೀಜದ ದೊಡ್ಡ ಪಾಲು ಕುಂಟೆ ಆಡುವ ನೆಲಕ್ಕೆ ಬೀಳುತ್ತದೆ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ಆದರೆ ಕುರಿಗಾರರನ್ನು ಕೆರೆ ಸಮಿತಿಯ ಸಭೆಗೆ ಕರೆಯಬೇಕಾಗುತ್ತದೆ.