ಕೂಲಿಯವರ ಅಂಗಳದ ಹೂದೋಟ

ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇಸಿಗೆ ಕಾಲಿಡುತ್ತದೆ. ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ ಅಲ್ಲಿನ ಹಳ್ಳಿಗಳ ಸಣ್ಣ ಮನೆಗಳ ಅಂಗಳ ನೋಡುವಂತಿರುತ್ತದೆ. ಗೋಡೆಗೆ ಹಬ್ಬಿದ ಗುಲಾಬಿ, ಬಾಗಿಲ ಮೇಲೆ ಇಳಿಬಿದ್ದ ಹನಿಸಕಲ್ ಬಳ್ಳಿ, ಆಳೆತ್ತರದ ಫಾಕ್ಸ್‌ಗ್ಲೋವ್, ಬಣ್ಣಬಣ್ಣದ ಲುಪಿನ್, ಕಾಲುದಾರಿಯ ಅಂಚಿಗೆ ಲವಂಗದ ಘಮದ ಪಿಂಕ್ ಹೂಗಳು. ಹುಲ್ಲುಹಾಸಿಲ್ಲ, ಅಳೆದು ಕತ್ತರಿಸಿದ ಪಾತಿಗಳಿಲ್ಲ. ಒಂದು ಗಿಡದ ಮೈಮೇಲೆ ಇನ್ನೊಂದು ಬಿದ್ದು ಹೂಬಿಟ್ಟಿರುತ್ತದೆ. ಕಾಟೇಜ್ ಗಾರ್ಡನ್ ಎಂದು ಲೋಕವೆಲ್ಲ ಮೆಚ್ಚುವ ಈ ತೋಟದ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಅದು ಯಾರೂ ಯೋಜಿಸದೆ ತಾನಾಗಿ ಬೆಳೆದ ಚೆಲುವು ಎನ್ನುವುದು ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಚಿತ್ರಕಾರರೂ ಲೇಖಕರೂ ಕಟ್ಟಿದ ಕನಸು ಎನ್ನುವುದು ಇನ್ನೊಂದು. ಎರಡೂ ಮಾತು ಒಂದೇ ಅನ್ಯಾಯ ಮಾಡುತ್ತವೆ: ಆ ತೋಟವನ್ನು ನಿಜಕ್ಕೂ ಮಾಡಿದವರ ಹೆಸರನ್ನು ಲೆಕ್ಕದಿಂದ ಕೈಬಿಡುತ್ತವೆ. ಅದನ್ನು ಮಾಡಿದವರು ಹೊಲದ ಕೂಲಿಯವರು, ಅದರಲ್ಲೂ ಅವರ ಮನೆಯ ಹೆಂಗಸರು. ನಾವು ಇಂದು ಸೊಬಗು ಎಂದು ಕರೆಯುವ ಪ್ರತಿಯೊಂದು ಲಕ್ಷಣದ ಹಿಂದೆಯೂ ಅವರ ಬಡತನದ ಲೆಕ್ಕಾಚಾರ ಮತ್ತು ಬುದ್ಧಿ ಇದೆ.

ಹುಲ್ಲುಹಾಸು ಏಕಿಲ್ಲ ಎಂಬುದರಿಂದಲೇ ಹೊರಡಬಹುದು. ಆಲೂಗಡ್ಡೆ ಬೆಳೆಯಬಹುದಾದ ನೆಲವನ್ನು ಹುಲ್ಲಿಗೆ ಬಿಡುವುದು ಜಮೀನ್ದಾರರಿಗೆ ಮಾತ್ರ ಸಾಧ್ಯವಿತ್ತು. ಗಿಡಗಳ ದಟ್ಟಣೆಗೂ ಕಾರಣವಿದೆ: ಬರಿನೆಲ ಕಂಡಲ್ಲಿ ಕಳೆ ಬರುತ್ತದೆ, ದಿನವಿಡೀ ಬೇರೆಯವರ ಹೊಲದಲ್ಲಿ ದುಡಿದು ಬಂದವರಿಗೆ ಕಳೆ ಕೀಳಲು ಹೊತ್ತಿಲ್ಲ. ತಾನೇ ಬೀಜ ಉದುರಿಸಿ ಮತ್ತೆ ಹುಟ್ಟುವ ಫಾಕ್ಸ್‌ಗ್ಲೋವ್, ಕೊಂಬೆ ಚುಚ್ಚಿದರೆ ಚಿಗುರುವ ಪಿಂಕ್, ಬುಡ ಸೀಳಿ ಹಂಚಿಕೊಳ್ಳಬಹುದಾದ ಪಿಯೊನಿ ಇವೇ ಅಲ್ಲಿ ಹೆಚ್ಚು, ಏಕೆಂದರೆ ಇವು ದುಡ್ಡು ಕೇಳುವುದಿಲ್ಲ. ಗಾಜಿನ ಮನೆ ಬೇಕೆನ್ನುವ ನಾಜೂಕು ಗಿಡಗಳು ಈ ಅಂಗಳಕ್ಕೆ ಬರುವ ಹಾಗೇ ಇರಲಿಲ್ಲ. ಇನ್ನು ಆ ಸೊಂಪಾದ ಬೆಳವಣಿಗೆ? ಹಿತ್ತಲ ಹಂದಿಗೂಡಿನ ಗೊಬ್ಬರ ಮತ್ತು ಪಾಯಿಖಾನೆಯ ಮಲ ವರ್ಷಗಟ್ಟಲೆ ಮಣ್ಣಿಗೆ ಸೇರಿದ್ದರ ಫಲ ಅದು. ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚುವುದು ಕಾಲದ ಸಂಗತಿ. ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗಿನ ದಿನಗಳನ್ನು ಅಲ್ಲಿನ ತೋಟಗಾರರು ಇಂದಿಗೂ ಹಸಿವಿನ ಕಾಲವೆಂದೇ ಗುರುತಿಸುತ್ತಾರೆ. ಚಳಿಗಾಲದ ಕೋಸು, ಸೊಪ್ಪು ಮುಗಿದಿರುತ್ತದೆ. ಹಿಂದಿನ ವರ್ಷದ ಆಲೂಗಡ್ಡೆ ಸುಕ್ಕುಗಟ್ಟಿ ಮೊಳೆತಿರುತ್ತದೆ. ಹೊಸ ಬಟಾಣಿ, ಅವರೆ ಇನ್ನೂ ಕೈಗೆ ಬಂದಿರುವುದಿಲ್ಲ. ಅಂಗಳ ಅತ್ಯಂತ ಚೆಲುವಾಗಿ ಕಾಣುವ ವಾರಗಳೂ ಅಡುಗೆಮನೆ ಅತ್ಯಂತ ಬರಿದಾಗುವ ವಾರಗಳೂ ಹೆಚ್ಚುಕಡಿಮೆ ಒಂದೇ.

ಈ ಅಂಗಳದ ಮೇಲೆ ಅಷ್ಟೊಂದು ಭಾರ ಬಿದ್ದದ್ದಕ್ಕೆ ಇತಿಹಾಸವಿದೆ. 1589ರಲ್ಲಿ ಎಲಿಜಬೆತ್ ರಾಣಿಯ ಕಾಲದ ಪಾರ್ಲಿಮೆಂಟು, ಹೊಸದಾಗಿ ಕಟ್ಟುವ ಪ್ರತಿ ಕಾಟೇಜಿಗೂ ನಾಲ್ಕು ಎಕರೆ ಜಮೀನು ಇರಲೇಬೇಕೆಂದು ಕಾಯ್ದೆ ಮಾಡಿತು. ಅದು ಎಲ್ಲೆಡೆ ಪಾಲನೆಯಾಗಲಿಲ್ಲ. 1775ರಲ್ಲಿ ರದ್ದೇ ಆಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬೇಲಿಯದು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ನೆಲ, ಎಂದರೆ ಇಂಗ್ಲೆಂಡಿನ ಐದರಲ್ಲೊಂದು ಪಾಲು, ಬೇಲಿಯೊಳಗೆ ಸೇರಿತು. ಹಸು ಮೇಯಿಸಲು, ಸೌದೆ ಆರಿಸಲು, ಬಾತುಕೋಳಿ ಬಿಡಲು ಬಳಕೆಯಲ್ಲಿದ್ದ ಊರೊಟ್ಟಿನ ಗೋಮಾಳಗಳು ಹೀಗೆ ಹೋದವು. ನಾರ್ತಾಂಪ್ಟನ್‌ಶೈರ್ ಸೀಮೆಯ ಹೆಲ್ಪ್‌ಸ್ಟನ್ ಎಂಬ ಊರಿಗೆ ಈ ಕಾಯ್ದೆ ಬಂದದ್ದು 1809ರಲ್ಲಿ. ಅಲ್ಲಿನ ಕೂಲಿಕಾರ ಕವಿ ಜಾನ್ ಕ್ಲೇರ್ ತನ್ನ ಕಣ್ಣೆದುರೇ ಊರಿನ ಬಯಲು ಮುಚ್ಚಿಹೋದ ನೋವನ್ನು ಜೀವಮಾನವಿಡೀ ಬರೆದ. ಗೋಮಾಳ ಕಳೆದುಕೊಂಡ ಕುಟುಂಬಕ್ಕೆ ಉಳಿದದ್ದು ಮನೆಯ ಸುತ್ತಲಿನ ಗೇಣುದ್ದ ನೆಲ. ಹಸುವಿನ ಬದಲು ಹಂದಿ ಬಂತು, ರೊಟ್ಟಿಯ ಕೊರತೆಯನ್ನು ಆಲೂಗಡ್ಡೆ ತುಂಬಬೇಕಾಯಿತು, ಜೇನುಗೂಡು ಒಂದಿಷ್ಟು ಕಾಸು ಕೊಡಬೇಕಾಯಿತು. ಇಷ್ಟೆಲ್ಲ ಹೊರಬೇಕಾದ ನೆಲದಲ್ಲಿ ಹೂವಿಗೆ ಜಾಗ ಸಿಕ್ಕಿತು ಎನ್ನುವುದೇ ವಿಚಾರ ಮಾಡಬೇಕಾದ ವಿಷಯ.

ಹೇಗೆ ಸಿಕ್ಕಿತು ಎಂಬುದಕ್ಕೆ ಫ್ಲೋರಾ ಥಾಂಪ್ಸನ್ ಅವರ ಬರಹಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ಆಕ್ಸ್‌ಫರ್ಡ್‌ಶೈರಿನ ಜುನಿಪರ್ ಹಿಲ್ ಎಂಬ ಪುಟ್ಟ ಊರಿನಲ್ಲಿ 1880ರ ದಶಕದಲ್ಲಿ ಬೆಳೆದ ಆಕೆ 1939ರಲ್ಲಿ 'ಲಾರ್ಕ್ ರೈಸ್' ಬರೆದರು. ವಾರಕ್ಕೆ ಹತ್ತು ಶಿಲಿಂಗ್ ಕೂಲಿಯ ಊರು ಅದು. ಹೊಲದಿಂದ ಬಂದ ಗಂಡಸರು ಕತ್ತಲಾಗುವವರೆಗೆ, ಕೆಲವೊಮ್ಮೆ ಬೆಳದಿಂಗಳಲ್ಲೂ ತರಕಾರಿ ನೆಲ ಅಗೆಯುತ್ತಿದ್ದರು. ಬಾಡಿಗೆಯ ತುಂಡು ಜಮೀನಿನಲ್ಲಿ ಅರ್ಧಕ್ಕೆ ಆಲೂಗಡ್ಡೆ, ಅರ್ಧಕ್ಕೆ ಗೋಧಿ ಅಥವಾ ಬಾರ್ಲಿ. ಆ ತರಕಾರಿ ನೆಲಕ್ಕೆ ಹೆಂಗಸರು ಕೈ ಹಾಕುತ್ತಿರಲಿಲ್ಲ. ಅವರದು ಹೂವಿನ ಪಟ್ಟಿ ಮತ್ತು ಮದ್ದಿನ ಮೂಲೆ. ಬೀಜಕ್ಕೆಂದು ಬಿಡಿಗಾಸಿಲ್ಲದ್ದರಿಂದ ನೆರೆಯವರು ಕೊಟ್ಟ ಬೇರು, ಕಡ್ಡಿಗಳೇ ಅವರ ಬಂಡವಾಳ. ಒಂದು ಊರಿನ ಅಂಗಳಗಳೆಲ್ಲ ಒಂದನ್ನೊಂದು ಹೋಲುವುದಕ್ಕೂ, ದೊಡ್ಡಮನೆಗಳ ತೋಟದಲ್ಲಿ ಫ್ಯಾಷನ್ ಬದಲಾಗಿ ಕಿತ್ತೆಸೆದ ಹಳೆಯ ತಳಿಗಳು ಬಡವರ ಬಾಗಿಲಲ್ಲಿ ಉಳಿದುಕೊಂಡದ್ದಕ್ಕೂ ಈ ಕೊಡುಕೊಳ್ಳುವಿಕೆಯೇ ಕಾರಣ. ಹೆಂಗಸರ ಈ ಹೊಣೆ ಹಳೆಯದು. ಥಾಮಸ್ ಟಸ್ಸರ್ 1573ರಲ್ಲಿ ಬರೆದ ಪದ್ಯರೂಪದ ಬೇಸಾಯದ ಪುಸ್ತಕ ತೋಟವನ್ನು ಮನೆಯೊಡತಿಗೇ ವಹಿಸುತ್ತದೆ. ಸಾರಿಗೆ ಬೇಕಾದ ಸೊಪ್ಪು, ನೆಲಕ್ಕೆ ಹರಡುವ ಸುವಾಸನೆಯ ಎಲೆ, ಕಿಟಕಿಗೆ ಇಡುವ ಹೂವು ಎಂದು ಬೇರೆಬೇರೆ ಪಟ್ಟಿ ಕೊಡುತ್ತದೆ. ಟಸ್ಸರನ ಓದುಗರು ಕೂಲಿಯವರಲ್ಲ, ಒಕ್ಕಲುಗಳು ಎಂಬುದು ನಿಜ. ಆದರೆ ಬಡವರ ಹೆಂಗಸರ ತಿಳಿವಿಗೂ ಲಿಖಿತ ಪುರಾವೆ ಇದೆ. ಷ್ರಾಪ್‌ಶೈರಿನ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ ಮೈಬಾವಿನ ಮನೆಮದ್ದಿನ ಬಗ್ಗೆ 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನ ಅಭಿಪ್ರಾಯ ಕೇಳಲಾಯಿತು. ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಿದ್ದ ಆ ಮದ್ದಿನಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಒಂದೇ ಎಂದು ಆತ ಕಂಡುಕೊಂಡ. ಹತ್ತು ವರ್ಷ ಪರೀಕ್ಷಿಸಿ 1785ರಲ್ಲಿ ಆತ ಪ್ರಕಟಿಸಿದ ಪುಸ್ತಕದಿಂದ ಹೃದ್ರೋಗಕ್ಕೆ ಡಿಜಿಟಾಲಿಸ್ ಬಳಸುವ ವೈದ್ಯಪದ್ಧತಿ ಬೆಳೆಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಡ. ಪುಸ್ತಕದಲ್ಲಿ ಮುದುಕಿಯ ಹೆಸರಿಲ್ಲ.

ಇಲ್ಲಿ ಇತಿಹಾಸ ಬಲ್ಲವರು ಒಂದು ಗಟ್ಟಿಯಾದ ಆಕ್ಷೇಪ ಎತ್ತುತ್ತಾರೆ. ಇಂದು ನಾವು ಮೆಚ್ಚುವ ಕಾಟೇಜ್ ಗಾರ್ಡನ್ ವಿಕ್ಟೋರಿಯಾ ಕಾಲದ ಕೊನೆಯಲ್ಲಿ ತಯಾರಾದ ಚಿತ್ರ, ಬಡವರ ಅಂಗಳದಲ್ಲಿ ಇದ್ದದ್ದು ಕೋಸು ಮತ್ತು ಕೆಸರು ಎಂಬುದು ಅವರ ವಾದ. ಇದರಲ್ಲಿ ಒಪ್ಪಬೇಕಾದದ್ದು ಬಹಳ ಇದೆ. ಹೆಲೆನ್ ಆಲಿಂಗ್‌ಹ್ಯಾಮ್ 1881ರಲ್ಲಿ ಸರ್ರೆ ಸೀಮೆಯ ವಿಟ್ಲಿಗೆ ಬಂದು ಹುಲ್ಲುಮಾಡಿನ ಮನೆಗಳನ್ನೂ ಬಾಗಿಲಲ್ಲಿ ನಿಂತ ತಾಯಿಮಕ್ಕಳನ್ನೂ ಜಲವರ್ಣದಲ್ಲಿ ಬರೆದರು. ಹಂದಿಗೂಡು ಅವುಗಳಲ್ಲಿ ಎದ್ದು ಕಾಣುವುದಿಲ್ಲ. ವಿಲಿಯಂ ರಾಬಿನ್ಸನ್ 1883ರ 'ದಿ ಇಂಗ್ಲಿಷ್ ಫ್ಲವರ್ ಗಾರ್ಡನ್' ಪುಸ್ತಕದಲ್ಲಿ ಕಾಟೇಜಿನ ಅಂಗಳವನ್ನು ಶ್ರೀಮಂತರಿಗೆ ಮಾದರಿಯಾಗಿ ತೋರಿಸಿದ. ಗರ್ಟ್ರೂಡ್ ಜೀಕಿಲ್ ಸರ್ರೆಯ ಬಡವರ ಅಂಗಳಗಳಿಂದ ಕಲಿತದ್ದನ್ನು ಮನ್‌ಸ್ಟೆಡ್ ವುಡ್‌ನ ತಮ್ಮ ಸುಮಾರು 15 ಎಕರೆಯಲ್ಲಿ, ತೋಟದಾಳುಗಳನ್ನಿಟ್ಟುಕೊಂಡು, ದೊಡ್ಡದಾಗಿ ಬೆಳೆಸಿದರು. ಷೇಕ್ಸ್‌ಪಿಯರನ ಹೆಂಡತಿ ಆನ್ ಹ್ಯಾಥವೇಯ ಮನೆಯೆದುರು ಪ್ರವಾಸಿಗರು ಕಂಡು ಮೈಮರೆಯುವ ತೋಟಕ್ಕೆ ಈಗಿನ ರೂಪ ಬಂದದ್ದು 1920ರ ದಶಕದಲ್ಲಿ, ಎಲೆನ್ ವಿಲ್ಮಾಟ್ ಎಂಬ ಸಿರಿವಂತ ತೋಟಗಾರ್ತಿಯ ಸಲಹೆಯಂತೆ. ಬೆಂಗಳೂರಿನ ದಂಡುಪ್ರದೇಶದ ಬಂಗಲೆಗಳ ಅಂಗಳಕ್ಕೆ ಹಾಲಿಹಾಕ್, ಸ್ವೀಟ್ ಪೀ ತಂದು ನೆಟ್ಟವರ ಮನಸ್ಸಿನಲ್ಲಿದ್ದದ್ದೂ ಇಂಥ ಚಿತ್ರವೇ ಇರಬೇಕು.

ಆದರೆ ಚಿತ್ರದಲ್ಲಿ ಬಿಟ್ಟುಹೋದದ್ದಿದೆ ಎಂದಮಾತ್ರಕ್ಕೆ ಚಿತ್ರದಲ್ಲಿರುವುದೆಲ್ಲ ಸುಳ್ಳಾಗುವುದಿಲ್ಲ. ವಿಕ್ಟೋರಿಯಾ ಪಟ್ಟಕ್ಕೆ ಬರುವ ಮೊದಲೇ, 1830ರಲ್ಲಿ ಪುಸ್ತಕವಾಗಿ ಬಂದ 'ರೂರಲ್ ರೈಡ್ಸ್'ನಲ್ಲಿ ವಿಲಿಯಂ ಕಾಬೆಟ್ ಕೂಲಿಯವರ ಮನೆಗಳ ಸುತ್ತಲಿನ ಅಚ್ಚುಕಟ್ಟಾದ ತೋಟಗಳನ್ನು, ಅವುಗಳಲ್ಲಿ ಅಷ್ಟಿಷ್ಟಾದರೂ ಇರುತ್ತಿದ್ದ ಹೂಗಳನ್ನು ಇಂಗ್ಲೆಂಡಿನ ಹೆಮ್ಮೆ ಎಂದು ಕೊಂಡಾಡಿದ್ದಾನೆ. ಕಾಬೆಟ್ ಬಡತನಕ್ಕೆ ಬಣ್ಣ ಹಚ್ಚುವವನಲ್ಲ. ಕೂಲಿಯವರ ಹಸಿವಿನ ಬಗ್ಗೆ ಅವನಷ್ಟು ಕೋಪದಿಂದ ಬರೆದವರು ವಿರಳ. ನೇಕಾರರ ಕಥೆ ಇನ್ನೂ ಬಲವಾದ ಸಾಕ್ಷಿ. ಲ್ಯಾಂಕಾಷೈರಿನ ಕೈಮಗ್ಗದವರು ಆರಿಕ್ಯುಲಾ ಹೂವಿನಲ್ಲಿ, ಸ್ಕಾಟ್ಲೆಂಡಿನ ಪೇಸ್ಲಿಯ ನೇಕಾರರು ದಳದಂಚಿಗೆ ಕಸೂತಿಯಂಥ ಗೆರೆಯುಳ್ಳ ಪಿಂಕ್ ಹೂವಿನಲ್ಲಿ ಹೊಸ ತಳಿಗಳನ್ನು ಹುಟ್ಟಿಸಿ, ಹೆಂಡದಂಗಡಿಗಳಲ್ಲಿ ಸ್ಪರ್ಧೆ ನಡೆಸಿ, ತಾಮ್ರದ ಕೆಟಲ್ ಬಹುಮಾನ ಗೆಲ್ಲುತ್ತಿದ್ದರು. ಮಗ್ಗ ಮನೆಯಲ್ಲೇ ಇದ್ದುದರಿಂದ ಬಿಸಿಲೇರಿದಾಗ ಎದ್ದುಹೋಗಿ ಗಿಡಕ್ಕೆ ನೆರಳು ಮಾಡಬಹುದಿತ್ತು. ಗಿರಣಿ ಬಂದು ಮಗ್ಗ ನಿಂತಾಗ ಈ ಕಸುಬೂ ಸೊರಗಿತು. 1836ರಲ್ಲಿ ಸ್ಥಾಪನೆಯಾದ ವೇಕ್‌ಫೀಲ್ಡ್ ಟ್ಯೂಲಿಪ್ ಸಂಘ ಇಂದಿಗೂ ಪ್ರದರ್ಶನ ನಡೆಸುತ್ತದೆ. ಇದು ದೊಡ್ಡಮನೆಯವರನ್ನು ನೋಡಿ ಮಾಡಿದ್ದಲ್ಲ, ದುಡಿಯುವವರೇ ತಮಗಾಗಿ ರೂಪಿಸಿಕೊಂಡ ರಸಿಕತೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಯವರು ಒಕ್ಕಣೆ ಯಂತ್ರಗಳನ್ನು ಒಡೆದು ದಂಗೆಯೆದ್ದ ಮೇಲೆ ಹೆದರಿದ ಭೂಮಾಲೀಕರು ಮತ್ತು ಪಾದ್ರಿಗಳು ತುಂಡು ಜಮೀನು ಹಂಚಿದರು, ಚೆಂದದ ಅಂಗಳಕ್ಕೆ ಬಹುಮಾನ ಇಟ್ಟರು. ಭಾನುವಾರ ಕೆಲಸ ಮಾಡಕೂಡದು, ಚರ್ಚಿಗೆ ಬರಬೇಕು ಎಂಬಂಥ ನಿಬಂಧನೆಗಳೂ ಕೆಲವೆಡೆ ಇದ್ದವು. ಹಾಗಾದರೆ ಆ ಹೂವು ವಿಧೇಯತೆಯ ಗುರುತಲ್ಲವೇ ಎಂದು ಕೇಳಬಹುದು. ಬಹುಮಾನದ ಹಿಂದಿನ ಉದ್ದೇಶ ಅದೇ ಇತ್ತು, ಅನುಮಾನವಿಲ್ಲ. ಆದರೆ ಬಹುಮಾನಗಳು ಬರುವ ಮೊದಲೇ ಹೂವು ಅಲ್ಲಿತ್ತು. ಕಾಬೆಟ್ ಕಂಡದ್ದು ದಂಗೆಗಿಂತ ಹಿಂದಿನ ಅಂಗಳಗಳನ್ನು. ಕ್ಲೇರ್ 1827ರಲ್ಲಿ ತನ್ನ 'ಷೆಫರ್ಡ್ಸ್ ಕ್ಯಾಲೆಂಡರ್' ಕಾವ್ಯದ ಜೂನ್ ತಿಂಗಳಿನ ಭಾಗದಲ್ಲಿ ಹಳ್ಳಿಯ ಅಂಗಳದ ಗುಲಾಬಿ, ಪ್ಯಾನ್ಸಿಗಳನ್ನು ಹೆಸರಿಸಿಯಾಗಿತ್ತು. ಭೂಮಾಲೀಕರು ಇದ್ದದ್ದನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಹೂವು ಹೊಟ್ಟೆಗಿಲ್ಲದವರ ಶೋಕಿ ಎಂದು ಅದನ್ನು ತಳ್ಳಿಹಾಕುವವರೂ ಒಂದರ್ಥದಲ್ಲಿ ಆ ಭೂಮಾಲೀಕರ ನೋಟವನ್ನೇ ಒಪ್ಪಿದಂತಾಗುತ್ತದೆ: ಬಡವರಿಗೆ ಬೇಕಾದದ್ದು ಹೊಟ್ಟೆಗಷ್ಟೇ, ಕಣ್ಣಿಗಲ್ಲ ಎಂಬ ನೋಟ. ಹತ್ತು ಶಿಲಿಂಗ್ ಮನೆಯ ಹೆಂಗಸು ಬಾಗಿಲ ಬಳಿ ಪಿಂಕ್ ಕಡ್ಡಿ ಊರಿದ್ದು ಆ ನೋಟವನ್ನು ಒಪ್ಪದೆ.

ಈಗ ಆ ಮನೆಗಳಲ್ಲಿ ಹೊಲದ ಕೂಲಿಯವರು ಬಹುಮಟ್ಟಿಗೆ ಇಲ್ಲ. ಹುಲ್ಲುಮಾಡಿನ ಕಾಟೇಜು ಕೊಳ್ಳುವುದು ಅವರ ಸಂಬಳಕ್ಕೆ ನಿಲುಕದ ಮಾತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹೂವಿನ ಪಟ್ಟಿಗಳು ಮತ್ತೆ ಆಲೂಗಡ್ಡೆಗೆ ಹೋದವು. ಅದಾದ ಮೇಲೆ ಸಾಮರ್ಸೆಟ್‌ನ ಈಸ್ಟ್ ಲ್ಯಾಂಬ್ರೂಕ್ ಮ್ಯಾನರ್‌ನಲ್ಲಿ ಮಾರ್ಜರಿ ಫಿಶ್ ಹಳೆಯ ಕಾಟೇಜುಗಳ ಗಿಡಗಳನ್ನು ಹುಡುಕಿ ತಂದು ಉಳಿಸಿ, 1961ರಲ್ಲಿ ಅವುಗಳ ಬಗ್ಗೆ ಪುಸ್ತಕವನ್ನೇ ಬರೆದರು. ಅವರಿಲ್ಲದಿದ್ದರೆ ಎಷ್ಟೋ ತಳಿಗಳು ಹೆಸರಿಗೂ ಸಿಗುತ್ತಿರಲಿಲ್ಲ. ಕೂಲಿಯವರ ಅಂಗಳದ ನಿಜವಾದ ಮುಂದುವರಿಕೆಯನ್ನು ಮಾತ್ರ ಊರಂಚಿನ ಬಾಡಿಗೆಯ ತುಂಡು ಜಮೀನುಗಳಲ್ಲಿ, ಅವರೆ ಬಳ್ಳಿಯ ಪಕ್ಕದಲ್ಲೇ ಸ್ವೀಟ್ ಪೀ ಹಬ್ಬಿಸುವವರಲ್ಲಿ ನೋಡಬೇಕು. ಜೂನ್ ತಿಂಗಳ ಕಾಟೇಜ್ ಅಂಗಳಕ್ಕೆ ಗುರುತೇ ಆಗಿರುವ, ಅನಾದಿಯಿಂದ ಅಲ್ಲೇ ಇತ್ತೆಂದು ಎಲ್ಲರೂ ತಿಳಿಯುವ ದಟ್ಟ ಬಣ್ಣದ ಲುಪಿನ್ ಬಂದದ್ದು ಅಂಥ ನೆಲದಿಂದಲೇ. ಡೇವಿಡ್ ಡಗ್ಲಸ್ 1826ರಲ್ಲಿ ಉತ್ತರ ಅಮೆರಿಕದಿಂದ ತಂದ ಗಿಡ ಹೆಚ್ಚಾಗಿ ನೀಲಿ ಹೂವಿನದು. ಯಾರ್ಕ್ ನಗರದಲ್ಲಿ ಬೇರೆಯವರ ತೋಟಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಜಾರ್ಜ್ ರಸೆಲ್, ತನ್ನ ಬಾಡಿಗೆ ಜಮೀನಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಚೆನ್ನಾಗಿ ಬಂದ ಗಿಡದ ಬೀಜ ಇಟ್ಟುಕೊಂಡು, ಉಳಿದದ್ದನ್ನು ಕಿತ್ತುಹಾಕುತ್ತ ಅದಕ್ಕೆ ಕೆಂಪು, ಹಳದಿ, ಗುಲಾಬಿ, ಎರಡೆರಡು ಬಣ್ಣಗಳನ್ನು ತಂದ. 1937ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪ್ರದರ್ಶನದಲ್ಲಿ ಆ ಹೂಗಳಿಗೆ ಚಿನ್ನದ ಪದಕ ಬಂದಾಗ ರಸೆಲ್‌ನ ವಯಸ್ಸು ಎಂಬತ್ತರ ಆಸುಪಾಸಿನಲ್ಲಿತ್ತು.