ಹಳೆ ಪಿಕಪ್ ಗಾಡಿಗೆ ಹೊಸ ಸೀಟು: ಹಾಕಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಪೆದ್ದಹರಿವಾಣಂ, ಹೊಳಗುಂದ, ಕೌತಾಳಂ ಕಡೆಯಿಂದ ಆದೋನಿ ಯಾರ್ಡಿಗೆ ಹತ್ತಿ ಒಯ್ಯುವ ರೈತರ ಬಳಿ ಹಳೆಯ ಮಹೀಂದ್ರಾ ಪಿಕಪ್, ಟಾಟಾ 207, ಟಾಟಾ ಏಸ್ ಗಾಡಿಗಳು ಇನ್ನೂ ಓಡುತ್ತಿವೆ. ಇಂಜಿನ್ನಿಗೆ ಸಿಗುವ ಆರೈಕೆ ಸೀಟಿಗೆ ಸಿಗುವುದಿಲ್ಲ. ಡ್ರೈವರ್ ಸೊಂಟ ಹಿಡಿದುಕೊಂಡ ಮೇಲೆಯೇ ಅದರ ನೆನಪು!

ಮೊದಲು ಕೆಟ್ಟಿರುವುದು ಏನೆಂದು ತಿಳಿಯಿರಿ. ರೆಕ್ಸಿನ್ ಮಾತ್ರ ಹರಿದಿದ್ದರೆ ಕುಷನ್ ಕೆಲಸದವರು ಹೊಸದು ಹೊಲಿದು ಕೊಡುತ್ತಾರೆ. ಕೂತರೆ ಕಬ್ಬಿಣ ಚುಚ್ಚುತ್ತಿದ್ದರೆ ಫೋಮ್ ಸತ್ತಿದೆ ಎಂದರ್ಥ. ಮೆತ್ತಗಿನ ಹಾಸಿಗೆ ಸ್ಪಂಜು ಹಾಕಿಸಿದರೆ ಬೇಗ ತಳ ಕಾಣುತ್ತದೆ. ಗಟ್ಟಿ ಫೋಮನ್ನೇ ಕೇಳಿ. ಸೀಟು ಒಂದು ಕಡೆ ವಾಲಿದ್ದರೆ ಚೌಕಟ್ಟು ಮುರಿದಿದೆಯೇ, ಕೆಳಗಿನ ಪಟ್ಟಿ ಸವೆದಿದೆಯೇ ನೋಡಿ.

ಸೀಟು ಬಿಚ್ಚುವಾಗ ತುಕ್ಕು ಹಿಡಿದ ಬೋಲ್ಟಿನೊಂದಿಗೆ ಜಗಳ ಬೇಡ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲಿ. ಬಿಚ್ಚಿದ ಮೇಲೆ ನೆಲದ ತಗಡನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಬೇಕು. ಗೊಬ್ಬರದ ಚೀಲ ಇಟ್ಟ ಜಾಗ, ಕೆಸರುಗಾಲು ಬೀಳುವ ಜಾಗ ಒಳಗೊಳಗೇ ತಿಂದುಹೋಗಿರುತ್ತದೆ. ಅಂಥ ತಗಡಿಗೆ ಎಷ್ಟೇ ಒಳ್ಳೆಯ ಸೀಟು ಬಿಗಿದರೂ ಬ್ರೇಕ್ ಒತ್ತಿದಾಗ ಬೋಲ್ಟು ತೂತಿನ ಸಮೇತ ಕಿತ್ತು ಬರಬಹುದು. ಹೊಸ ತಗಡು ಬೆಸುಗೆ ಹಾಕಿಸಿ, ಅಡಿಯಲ್ಲಿ ಅಗಲ ವಾಷರ್ ಕೊಟ್ಟು ಬಿಗಿಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಪೈಪ್ ಎಲ್ಲಿ ಹಾದುಹೋಗಿದೆ ನೋಡಿಕೊಳ್ಳಿ.

2005ರಲ್ಲಿ ಬಂದ ಟಾಟಾ ಏಸ್‌ನ ಸಂಗತಿ ಬೇರೆ. ಅದರ ಇಂಜಿನ್ ಇರುವುದೇ ಸೀಟಿನ ಅಡಿಯಲ್ಲಿ. ಸೀಟು ಎತ್ತದೆ ರಿಪೇರಿ ಆಗದು. ಆದ್ದರಿಂದ ಅಲ್ಲಿ ಸೀಟು ಮೊದಲಿನಂತೆಯೇ ಮೇಲೇಳಬೇಕು, ಅಂಚಿನ ರಬ್ಬರ್ ಸರಿಯಾಗಿ ಕೂರಬೇಕು. ಇಲ್ಲವಾದರೆ ಬಿಸಿಲಿನ ಜೊತೆ ಇಂಜಿನ್ ಕಾವನ್ನೂ ತಿನ್ನಬೇಕಾಗುತ್ತದೆ.

ಗುಜರಿಯಿಂದ ಕಾರಿನ ಸೀಟು ತಂದು ಹಾಕುವವರೂ ಇದ್ದಾರೆ. ಕಡಿಮೆ ದುಡ್ಡಿಗೆ ಒಳ್ಳೆಯ ಸೀಟು ಸಿಗುವುದು ನಿಜ. ಆದರೆ ಬೋಲ್ಟು ತೂತುಗಳ ಅಂತರ, ಸೀಟಿನ ಎತ್ತರ ಅಳೆಯದೆ ತರಬೇಡಿ. ತಲೆ ಮೇಲಕ್ಕೆ ತಾಗಬಾರದು, ಕ್ಲಚ್ ಪೂರ್ತಿ ಒತ್ತಲು ಕಾಲು ಸಿಗಬೇಕು. ಮುಂದೆ ಹಿಂದೆ ಸರಿಸುವ ಪಟ್ಟಿಯ ಕೊಂಡಿ ಎರಡೂ ಬದಿ ಕಚ್ಚಿದೆಯೇ ಎಂದು ಅಲುಗಾಡಿಸಿ ನೋಡಿ. ಕೆಲವು ಗಾಡಿಗಳಲ್ಲಿ ಬೆಲ್ಟಿನ ಕೊಕ್ಕೆ ಹಳೆ ಸೀಟಿನ ಚೌಕಟ್ಟಿಗೇ ಇರುತ್ತದೆ. ಸೀಟಿನ ಜೊತೆ ಅದನ್ನೂ ಗುಜರಿಗೆ ಹಾಕಿದರೆ ಬೆಲ್ಟ್ ಇದ್ದೂ ಇಲ್ಲದಂತೆ.

ಇನ್ನು ಕಾನೂನು. ಇದ್ದ ಜಾಗದಲ್ಲಿ ಇದ್ದಷ್ಟೇ ಸೀಟು ಹೊಸದಾಗಿ ಮಾಡಿಸಿದರೆ ಆರ್‌ಸಿ ಬದಲಾಗುವುದಿಲ್ಲ. ಹಿಂದಿನ ಬಾಡಿಯಲ್ಲಿ ಬೆಂಚು ಕೂರಿಸಿ ಸೀಟು ಹೆಚ್ಚಿಸಿದರೆ ಮಾತ್ರ ತೊಂದರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿ ಕಂಪನಿ ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡು ಸಲ್ಲದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಬೇಕಾದ್ದರಿಂದ ಇಂಥ ಬೆಂಚು ಅಲ್ಲಿ ಸಿಕ್ಕಿಬೀಳಬಹುದು.

ಎಫ್‌ಸಿಗಿಂತ ದೊಡ್ಡ ಚಿಂತೆ ಇನ್ಶೂರೆನ್ಸಿನದು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಕೂಲಿಯವರನ್ನು ಪಿಕಪ್ಪಿನಲ್ಲೇ ಕರೆದೊಯ್ಯುವುದು ರೂಢಿ. ಸರಕು ಗಾಡಿಯಲ್ಲಿ ಬಾಡಿಗೆ ಇಲ್ಲದೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾರಾಣಿ ಪ್ರಕರಣದಲ್ಲಿ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ 1994ರ ತಿದ್ದುಪಡಿಯ ರಕ್ಷಣೆ ಉಂಟು. ಕೆಲವು ಮೊಕದ್ದಮೆಗಳಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು, ಬಳಿಕ ಗಾಡಿ ಮಾಲೀಕನಿಂದ ವಸೂಲು ಮಾಡುವಂತೆ ಆದೇಶವಾಗಿದೆ. ಅದಕ್ಕೆ ಹೊಲವನ್ನೇ ಮಾರಬೇಕಾದೀತು.

ಗಡಿ ದಾಟಿ ಸಿರುಗುಪ್ಪ, ಬಳ್ಳಾರಿಯಲ್ಲಿ ಕೆಲಸ ಮಾಡಿಸಿದರೂ ನಿಯಮ ಒಂದೇ. ಕೆಎ 34 ನಂಬರಿನ ಹಳೆ ಗಾಡಿ ಕೊಂಡು ಇಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವವರು ಆಂಧ್ರದ ನಂಬರ್ ಪಡೆಯಬೇಕು. ಸೀಟಿಗೆ ದುಡ್ಡು ಸುರಿಯುವ ಮೊದಲು ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆ ಎಂದು ಓದಿಕೊಳ್ಳಿ.