ಅಳಿಸಿಹೋಗುವ ಲೋಕಕ್ಕೆ ಅಂಟಿಕೊಂಡವರು

ಕಂಪ್ಯೂಟರ್ ಆಟದ ಚಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ನೀವೂ ಓದಿರುತ್ತೀರಿ. ಹೆಚ್ಚಿನವು ಹೇಳುವುದು ಒಂದೇ ಮಾತು... ಅಂಕ, ಚಿನ್ನ, ಹೊಸ ಕತ್ತಿ, ಮುಂದಿನ ಲೆವೆಲ್ಲು ಅಂತ ಆಸೆ ತೋರಿಸಿ ಆಡುವವರನ್ನು ಕಟ್ಟಿಹಾಕುತ್ತಾರೆ ಅಂತ. ಸುಳ್ಳೇನಲ್ಲ. ಆದರೆ ಅದು ಅರ್ಧ ಸತ್ಯ ಅಂತ ನನಗನ್ನಿಸುತ್ತದೆ. ಯಾಕೆಂದರೆ ಗಳಿಸಿದ್ದೆಲ್ಲ ಕೆಲವೇ ತಿಂಗಳಲ್ಲಿ ಪೂರ್ತಿ ಅಳಿಸಿಹೋಗುತ್ತದೆ ಅಂತ ಮೊದಲೇ ಗೊತ್ತಿದ್ದೂ ಒಂದು ಆಟಕ್ಕೆ ಸಾವಿರಾರು ಜನ ಅಂಟಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನು ಬಂತು, ಅವರಲ್ಲಿ ನಾನೂ ಒಬ್ಬ :)

ಆ ಆಟದ ಹೆಸರು ‘ಅಲ್ಟಿಮಾ ಆನ್‌ಲೈನ್’. ವರ್ಷ 1997.

ಸ್ವಲ್ಪ ಹಿಂದಿನಿಂದ ಶುರುಮಾಡೋಣ. ಹಲವರು ಒಟ್ಟಿಗೆ ಒಂದೇ ಮಾಯಾಲೋಕಕ್ಕೆ ಹೋಗಿ ಆಡುವ ಆಲೋಚನೆ ಅಲ್ಟಿಮಾದ್ದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಅನ್ನುವ ಆಟ ಬರೆಯಲು ಶುರುಮಾಡಿದ. ಅದನ್ನು ಮುಂದುವರಿಸಿ ಪೂರ್ತಿ ಮಾಡಿದವನು ರಿಚರ್ಡ್ ಬಾರ್ಟಲ್. ಚಿತ್ರ ಇಲ್ಲ, ಸದ್ದಿಲ್ಲ, ಬರೀ ಅಕ್ಷರ. ‘ನೀನು ಕಾಡಿನಲ್ಲಿದ್ದೀಯ’ ಅಂತ ಪರದೆ ಹೇಳಿದರೆ ‘ಉತ್ತರಕ್ಕೆ ಹೋಗು’ ಅಂತ ಟೈಪ್ ಮಾಡಬೇಕು. ಮುಂದೆ ಇಂಥ ಮಡ್‌ಗಳು ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳಲ್ಲಿ ಅಣಬೆಯ ಹಾಗೆ ಎದ್ದವು. 1996ರಲ್ಲಿ ‘ಮೆರಿಡಿಯನ್ 59’ ಇಂಟರ್ನೆಟ್ಟಿನ ಮೇಲೆ ಚಿತ್ರಸಹಿತ ಲೋಕವನ್ನು ತಂದಿತು.

ಇನ್ನೊಂದು ಕಡೆ ಅಮೆರಿಕದ ಟೆಕ್ಸಸ್‌ನಲ್ಲಿ ರಿಚರ್ಡ್ ಗ್ಯಾರಿಯಟ್ 1981ರಿಂದ ಅಲ್ಟಿಮಾ ಆಟಗಳನ್ನು ಮಾಡುತ್ತಿದ್ದ. ಒಬ್ಬನೇ ಕೂತು ಆಡುವ ಆಟಗಳು. ಗ್ಯಾರಿಯಟ್‌ನ ಅಪ್ಪ ಓವನ್ ಗ್ಯಾರಿಯಟ್ ಸ್ಕೈಲ್ಯಾಬ್‌ಗೆ ಹೋಗಿಬಂದ ಗಗನಯಾತ್ರಿ. ಮಗ ಕೂತಲ್ಲೇ ಲೋಕ ಸೃಷ್ಟಿಸುವ ದಾರಿ ಹಿಡಿದ. ಬ್ರಿಟಾನಿಯಾ ಅನ್ನುವ ರಾಜ್ಯ, ಅದಕ್ಕೆ ‘ಲಾರ್ಡ್ ಬ್ರಿಟಿಷ್’ ಅನ್ನುವ ರಾಜ, ಆ ರಾಜ ಬೇರಾರೂ ಅಲ್ಲ, ಸ್ವತಃ ಗ್ಯಾರಿಯಟ್! 1985ರ ನಾಲ್ಕನೇ ಅಲ್ಟಿಮಾದಲ್ಲಿ ಕೊನೆಗೆ ಕೊಲ್ಲಬೇಕಾದ ರಾಕ್ಷಸನೇ ಇರಲಿಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಹೀಗೆ ಎಂಟು ಗುಣಗಳನ್ನು ಸಾಧಿಸಿ ‘ಅವತಾರ’ ಆಗುವುದೇ ಗುರಿ. ಹೌದು, ನಮ್ಮ ಅವತಾರವೇ. ಇವತ್ತು ಕಂಪ್ಯೂಟರ್ ಪರದೆಯ ಮೇಲಿನ ನಮ್ಮ ಗೊಂಬೆರೂಪಕ್ಕೆ ಜಗತ್ತೆಲ್ಲ ‘ಅವತಾರ್’ ಅನ್ನುತ್ತದಲ್ಲ, ಆ ಪದವನ್ನು ಆಟಗಳಿಗೆ ತಂದ ಮೊದಲಿಗರಲ್ಲಿ ಈತನೂ ಒಬ್ಬ.

ಇಂಥ ಧರ್ಮರಾಜ್ಯದ ಬಾಗಿಲನ್ನು ಸಾವಿರಾರು ಜನಕ್ಕೆ ಒಮ್ಮೆಲೇ ತೆರೆದರೆ ಏನಾದೀತು? ಅದೇ ಅಲ್ಟಿಮಾ ಆನ್‌ಲೈನ್.

ಗ್ಯಾರಿಯಟ್‌ನ ಒರಿಜಿನ್ ಕಂಪನಿಯನ್ನು 1992ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕೊಂಡಿತ್ತು. ಆನ್‌ಲೈನ್ ಆಟದ ಮೇಲೆ ಅಲ್ಲಿನ ಮಾರಾಟದವರಿಗೆ ದೊಡ್ಡ ನಂಬಿಕೆ ಇರಲಿಲ್ಲ. ಆಟ ಅಂಗಡಿಗೆ ಬರುವ ಮೊದಲು ಹೊರಗಿನವರ ಕೈಗೆ ಕೊಟ್ಟು ತಪ್ಪು ಹುಡುಕಿಸುತ್ತಾರಲ್ಲ, ಆ ಬೀಟಾ ಪರೀಕ್ಷೆಗೆ ಜನ ಬೇಕು, ಸಿ.ಡಿ. ಕಳಿಸುವ ಖರ್ಚಿಗೆ ಕೆಲವು ಡಾಲರ್ ಕೊಡಬೇಕು ಅಂತ ಪ್ರಕಟಿಸಿದರು. ಸುಮಾರು 50,000 ಜನ ದುಡ್ಡು ಕಟ್ಟಿದರು! ಕಂಪನಿಯವರ ಕೆಲಸವನ್ನು ನಾವು ಮಾಡಿಕೊಡುವುದಕ್ಕೆ ನಾವೇ ಕಾಸು ಕೊಟ್ಟೆವು. ಆಮೇಲೆ ಕಂಪನಿಯ ಒಳಗೂ ಈ ಆಟವನ್ನು ನೋಡುವ ಕಣ್ಣು ಬದಲಾಯಿತು.

ನಾನು ಆಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೆ. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟು (1995ರ ಆಗಸ್ಟ್ 15) ಇನ್ನೂ ಎರಡು ವರ್ಷ. ಊರಿನಲ್ಲಿದ್ದಿದ್ದರೆ ಫೋನ್ ಬಿಲ್ಲು ನೋಡಿಯೇ ಆಸೆ ಬಿಡಬೇಕಿತ್ತು. ಅಲ್ಲಿ ಲೋಕಲ್ ಕಾಲ್‌ಗೆ ಬೇರೆ ದುಡ್ಡಿಲ್ಲ. ಬೇಸಿಗೆ ರಜೆ, ರೂಮ್‌ಮೇಟುಗಳು ಇಂಟರ್ನ್‌ಶಿಪ್ಪಿಗೆ ಹೋಗಿದ್ದರು, ಮನೆಯಲ್ಲಿ ನಾನು ಮತ್ತು ಮೋಡೆಮ್ಮು. ಸಾಕಲ್ಲ?

ಆಟದಲ್ಲಿ ನಾನು ವೀರನೂ ಅಲ್ಲ, ಮಂತ್ರವಾದಿಯೂ ಅಲ್ಲ. ದರ್ಜಿ. ಕುರಿ ಹುಡುಕಿ ಉಣ್ಣೆ ಕತ್ತರಿಸುವುದು, ನೂಲುವುದು, ಮಗ್ಗಕ್ಕೆ ಹಾಕಿ ಬಟ್ಟೆ ಮಾಡುವುದು, ಅಂಗಿ ಹೊಲಿಯುವುದು. ನಿಜ ಜೀವನದಲ್ಲಿ ಗುಂಡಿ ಹಾಕಲೂ ಬಾರದ ನಾನು ರಾತ್ರಿ ಎರಡು ಗಂಟೆಯವರೆಗೆ ಅಂಗಿ ಹೊಲಿಯುತ್ತಿದ್ದೆ ಮಾರಾಯ್ರೇ! ಪಕ್ಕದಲ್ಲಿ ಇನ್ನೊಬ್ಬ ಹೊಲಿಯುತ್ತಿದ್ದ. ಎಲ್ಲಿಯವನೋ, ನಿಜವಾದ ಹೆಸರೇನೋ, ಕೇಳಲಿಲ್ಲ. ಹೊಲಿಯುತ್ತಾ ಮಾತಾಡುತ್ತಿದ್ದೆವು. ಒಂದು ದಿನ ನಾನು ಹೋಗದಿದ್ದರೆ ಮರುದಿನ ‘ನಿನ್ನೆ ಎಲ್ಲಿದ್ದೆ’ ಅಂತ ಕೇಳುತ್ತಿದ್ದ. ಆ ಊರಿನಲ್ಲಿ ಹಾಗೆ ಕೇಳುತ್ತಿದ್ದ ಮನುಷ್ಯ ಅವನೊಬ್ಬನೇ.

ಇರಲಿ, ಚರಿತ್ರೆಗೆ ಬರೋಣ. ಬೀಟಾದಲ್ಲಿ ಆದದ್ದೇನೆಂದರೆ, ಆಟ ಮಾಡಿದವರ ಲೆಕ್ಕಾಚಾರಗಳು ಒಂದೊಂದಾಗಿ ತಲೆಕೆಳಗಾದವು.

ಮೊದಲನೆಯದು ಕಾಡು. ರಾಫ್ ಕೋಸ್ಟರ್ ಮತ್ತಿತರ ವಿನ್ಯಾಸಕಾರರು ಬ್ರಿಟಾನಿಯಾಕ್ಕೆ ಒಂದು ನಿಜವಾದ ಜೀವಜಾಲವನ್ನೇ ಕಟ್ಟಲು ಹೊರಟಿದ್ದರು. ಹುಲ್ಲು ಮೇಯುವ ಪ್ರಾಣಿ, ಅದನ್ನು ತಿನ್ನುವ ತೋಳ, ಕಾಡಿನಲ್ಲಿ ಆಹಾರ ಕಡಿಮೆಯಾದರೆ ಊರಿನ ಕಡೆ ಬರುವ ದೊಡ್ಡ ಮೃಗಗಳು. ಪಾಪ, ಆಟಗಾರರು ಒಳಗೆ ಬಂದವರೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂದರು. ಮೊಲ, ಜಿಂಕೆ, ತೋಳ... ಹುಟ್ಟುವುದಕ್ಕಿಂತ ಬೇಗ ಸತ್ತವು. ಇಂಥದ್ದೊಂದು ಜೀವಜಾಲ ಇದೆ ಅಂತ ಯಾರೂ ಗಮನಿಸಲೇ ಇಲ್ಲ. ಸರ್ವರಿಗೂ ಅದು ಭಾರ. ಕೊನೆಗೆ ಅದನ್ನು ಕೈಬಿಟ್ಟರು.

ಎರಡನೆಯದು ಪೇಟೆ. ಲೋಕದಲ್ಲಿ ಒಟ್ಟು ಕಚ್ಚಾವಸ್ತು ಇಂತಿಷ್ಟೇ, ಬಳಸಿದ್ದು ಮತ್ತೆ ಚಕ್ರಕ್ಕೆ ಸೇರಬೇಕು ಅನ್ನುವುದು ಯೋಜನೆ. ಜನ ಮಾತ್ರ ಸಿಕ್ಕಿದ್ದನ್ನೆಲ್ಲ ಬಾಚಿ ಒಳಗಿಟ್ಟುಕೊಂಡರು. ಕೈಚಳಕ ಹೆಚ್ಚಲಿ ಅಂತ ನನ್ನಂಥವರು ರಾಶಿರಾಶಿ ಅಂಗಿ ಹೊಲಿದರು, ಆಟದ ಅಂಗಡಿಯವನು ಇನ್ನು ಬೇಡ ಅಂದ. ಒಳಗೆ ಕೂಡಿಟ್ಟದ್ದು ಚಕ್ರಕ್ಕೆ ಮರಳಲಿಲ್ಲ, ಹೊರಗೆ ಹೊಸದು ಹುಟ್ಟಲಿಲ್ಲ. ಆ ಅರ್ಥವ್ಯವಸ್ಥೆಯನ್ನೂ ಆಮೇಲೆ ಬದಲಾಯಿಸಬೇಕಾಯಿತು.

ಮೂರನೆಯದು ಧರ್ಮ. ಊರೊಳಗೆ ಕಾವಲುಗಾರರಿದ್ದರು, ಕೂಗಿದರೆ ಬಂದು ಕಳ್ಳನನ್ನು ಕೊಲ್ಲುತ್ತಿದ್ದರು. ಗಡಿ ದಾಟಿದರೆ ನಿಮ್ಮ ಗತಿ ನಿಮಗೆ. ಗಣಿಯಿಂದ ಅದಿರು ಹೊತ್ತು ಬರುವವನಿಗೆ ಹೊಂಚುಹಾಕಿ, ಕೊಂದು, ಸುಲಿಯುವ ಗುಂಪುಗಳು ಹುಟ್ಟಿಕೊಂಡವು. ಸತ್ತವನು ಬೂದುಬಣ್ಣದ ನಿಲುವಂಗಿಯ ಪ್ರೇತವಾಗಿ ಅಲೆಯಬೇಕು. ಪ್ರೇತ ಏನು ಟೈಪ್ ಮಾಡಿದರೂ ಬದುಕಿದ್ದವರಿಗೆ ಕಾಣುವುದು ‘ಊ ಊಊ’ ಅಂತ ಮಾತ್ರ! ಎಂಟು ಗುಣಗಳ ರಾಜ್ಯದಲ್ಲಿ ಕೊಲೆ ದಿನಚರಿಯಾಯಿತು. ಕೊನೆಗೆ 2000ದಲ್ಲಿ ಕಂಪನಿ ಲೋಕವನ್ನೇ ಎರಡು ಮಾಡಿತು. ಒಂದರಲ್ಲಿ ಹೀಗೆ ಕೊಲ್ಲುವ ಹಾಗಿಲ್ಲ, ಇನ್ನೊಂದರಲ್ಲಿ ಹಳೆಯ ಕತೆಯೇ.

ನಾಲ್ಕನೆಯದು ರಾಜ. ಇದು ಎಲ್ಲರೂ ಹೇಳುವ ಕತೆ. 1997ರ ಆಗಸ್ಟ್, ಬೀಟಾ ಮುಗಿಯುತ್ತಾ ಬಂದಿತ್ತು. ಸರ್ವರು ಎಷ್ಟು ಜನರನ್ನು ತಡೆಯುತ್ತದೆ ನೋಡೋಣ ಅಂತ ಎಲ್ಲರನ್ನೂ ಕರೆದಿದ್ದರು. ಲಾರ್ಡ್ ಬ್ರಿಟಿಷ್ ಕೋಟೆಗೆ ಬಂದು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದ. ರಾಜನಿಗೆ ಸಾವಿಲ್ಲ, ಆದರೆ ಸರ್ವರು ಒಮ್ಮೆ ಬಿದ್ದು ಎದ್ದ ಮೇಲೆ ಸಾವಿಲ್ಲದ ಆ ವರವನ್ನು ಮತ್ತೆ ಹಾಕಿಕೊಳ್ಳುವುದು ಮರೆತುಹೋಗಿತ್ತು. ಗುಂಪಿನಲ್ಲಿದ್ದ ‘ರೈನ್ಸ್’ ಅನ್ನುವ ಕಳ್ಳ, ಯಾರದೋ ಚೀಲದಿಂದ ಕದ್ದಿದ್ದ ಮಂತ್ರದ ಸುರುಳಿ ತೆಗೆದು ರಾಜನ ಕಾಲಡಿ ಬೆಂಕಿ ಹೊತ್ತಿಸಿದ. ನನಗೇನಾಗುತ್ತದೆ ಅಂತ ರಾಜ ನಿಂತೇ ಇದ್ದ. ಸತ್ತುಬಿದ್ದ! ಆಮೇಲೆ ದೆವ್ವಗಳನ್ನು ಕರೆಸಿ ಅಲ್ಲಿದ್ದ ಅಮಾಯಕರನ್ನೆಲ್ಲ ಕೊಂದರು. ರೈನ್ಸ್‌ನನ್ನು ಬೀಟಾದಿಂದ ಹೊರಹಾಕಿದರು. ಕೊಂದದ್ದಕ್ಕಲ್ಲ, ಹಿಂದೆ ಸಿಕ್ಕ ತಪ್ಪುಗಳನ್ನು ವರದಿ ಮಾಡದೆ ಬಳಸಿಕೊಂಡದ್ದಕ್ಕೆ ಅನ್ನುವುದು ಕಂಪನಿಯ ವಿವರಣೆ.

ಆ ದಿನ ನಾನು ಕೋಟೆಯಲ್ಲಿರಲಿಲ್ಲ. ಮರುದಿನ ಗೊತ್ತಾದಾಗ ನಮ್ಮ ಹೊಲಿಗೆ ಅಂಗಡಿಯಲ್ಲಿ ಅದೇ ಮಾತು. ಊರಿನಲ್ಲಿ ಏನಾದರೂ ದೊಡ್ಡದು ನಡೆದರೆ ಹೋಟೆಲಿನಲ್ಲಿ ಕೂತು ಮಾತಾಡುತ್ತೇವಲ್ಲ, ಹಾಗೆ. ಇಲ್ಲೇ ನನ್ನ ವಾದ ಇರುವುದು. ಯಾವ ಬಹುಮಾನವೂ ನಮ್ಮನ್ನು ಅಲ್ಲಿ ಕೂರಿಸಿರಲಿಲ್ಲ. ಅಂಗಿಗೆ ಬೆಲೆಯಿಲ್ಲ, ಕಾಡಿನಲ್ಲಿ ಬೇಟೆಯಿಲ್ಲ, ಹೊರಗೆ ಹೋದರೆ ಸಾವು, ತಿಂಗಳೊಪ್ಪತ್ತಿನಲ್ಲಿ ಎಲ್ಲವೂ ಅಳಿಸಿಹೋಗುವುದು ಖಾತ್ರಿ. ಆದರೂ ಹೋಗುತ್ತಿದ್ದೆವು. ಅಲ್ಲಿ ನಮ್ಮನ್ನು ಗುರುತಿಸುವವರಿದ್ದರು, ನಾಳೆ ಏನಾಗುತ್ತದೋ ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ.

ನಮ್ಮ ಮಲೆನಾಡಿನ ಕಡೆ ‘ಆಟ’ ಅಂದರೆ ಯಕ್ಷಗಾನ. ಬೆಳಗಾದರೆ ರಾವಣ ಬಣ್ಣ ಒರೆಸಿಕೊಳ್ಳುತ್ತಾನೆ, ರಂಗಸ್ಥಳ ಮತ್ತೆ ಗದ್ದೆಯಾಗುತ್ತದೆ. ಅದು ಗೊತ್ತಿದ್ದೇ ರಾತ್ರಿಯಿಡೀ ಕೂರುತ್ತಾರೆ. ಸೆಪ್ಟೆಂಬರಿನಲ್ಲಿ ಬೀಟಾ ಮುಗಿದು, ಎಲ್ಲರ ಪಾತ್ರಗಳೂ ಅಳಿದು, ಆಟ ಅಂಗಡಿಗೆ ಬಂತು. ಈಗ ಹಲವು ಸರ್ವರು, ಒಂದೊಂದಕ್ಕೂ ‘ಶಾರ್ಡ್’ ಅಂತ ಹೆಸರು. ಮಾಂತ್ರಿಕನ ಮಣಿ ಒಡೆದಾಗ ಒಂದೊಂದು ಚೂರಿನಲ್ಲೂ ಒಂದೊಂದು ಬ್ರಿಟಾನಿಯಾ ಉಳಿಯಿತು ಅನ್ನುವುದು ಅದಕ್ಕೆ ಕಟ್ಟಿದ ಪುರಾಣ. ನನ್ನ ಜೊತೆಗಾರ ದರ್ಜಿ ಯಾವ ಚೂರಿಗೆ ಹೋದನೋ, ಮತ್ತೆ ಸಿಗಲಿಲ್ಲ. ನಾನೂ ಹೆಚ್ಚು ದಿನ ಆಡಲಿಲ್ಲ. ಆಟ ಮೊದಲಿಗಿಂತ ಚೆನ್ನಾಗಿತ್ತು, ನನಗೆ ಪರಿಚಯದವರು ಇರಲಿಲ್ಲ, ಅಷ್ಟೇ.

ಮುಂದಿನ ಆಟಗಳನ್ನು ಮಾಡಿದವರು ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡರು. 1999ರ ‘ಎವರ್‌ಕ್ವೆಸ್ಟ್’ ಅನ್ನು ಒಬ್ಬರೇ ಆಡಿ ಮುಂದೆ ಹೋಗುವುದೇ ಕಷ್ಟವಿತ್ತು. ಗುಂಪು ಬೇಕು, ಗುಂಪಿಗೆ ನೀವು ಬೇಕು. ಆಡುವವರೇ ಅದಕ್ಕೆ ಮಾದಕವಸ್ತುವಿನ ಹೆಸರು ಸೇರಿಸಿ ‘ಎವರ್‌ಕ್ರ್ಯಾಕ್’ ಅಂದರು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಹೊತ್ತಿಗೆ ಇದು ಕೋಟಿಗಟ್ಟಲೆ ಡಾಲರಿನ ಉದ್ಯಮ. ಬೀಟಾದಲ್ಲಿ ತಾನಾಗಿ ಹುಟ್ಟಿದ್ದ ಒಡನಾಟ ಈಗ ಯೋಜನೆಯ ಭಾಗವಾಯಿತು. ನೀವು ಬಾರದಿದ್ದರೆ ಗೆಳೆಯರ ದಂಡಯಾತ್ರೆ ನಿಲ್ಲುತ್ತದೆ ಅನ್ನುವಾಗ ಎದ್ದು ಹೋಗುವುದು ಹೇಗೆ?

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ ತೆರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ಆಡುವುದರ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಹಿಂದೆ ಸರಿಯುವುದು, ಕೆಡುಕಾಗುತ್ತಿದ್ದರೂ ಮುಂದುವರಿಸುವುದು... ಲಕ್ಷಣಗಳು ಇವು. ಗಮನಿಸಿ, ಇದರಲ್ಲಿ ಬಹುಮಾನದ ಮಾತೇ ಇಲ್ಲ.

ಆದ್ದರಿಂದ, ಪರದೆಯ ಮುಂದೆ ಕೂತು ಏಳದ ಮಗನನ್ನೋ ತಮ್ಮನನ್ನೋ ‘ಅದರಿಂದ ನಿನಗೆ ಏನು ಸಿಗುತ್ತದೆ’ ಅಂತ ಕೇಳುವವರಿಗೆ ನನ್ನದೊಂದು ಸಲಹೆ. ಆ ಪ್ರಶ್ನೆಗೆ ಉತ್ತರ ‘ಏನೂ ಇಲ್ಲ’ ಅಂತಲೇ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಅಲ್ಲಿ ಯಾರು ಸಿಗುತ್ತಾರೆ’ ಅಂತ ಕೇಳಿ ನೋಡಿ. ಮಾತು ಅಲ್ಲಿಂದ ಶುರುವಾಗುತ್ತದೆ.